ಜುಟ್ಟಿಲ್ಲದ ಕಾಯಿ

ನನ್ನ ತಂಗಿ ಗಿರಿಜ ಕಳೆದ ತಿಂಗಳು ತನ್ನ ತಾಳಿ ಕರಗಿಸಿದಳು.

ಗಾಬರಿಯಾಗಬೇಡಿ. ಕಷ್ಟಕ್ಕೆ ಮಾರಿದ್ದಲ್ಲ, ಸಿಟ್ಟಿಗೆ ಕಿತ್ತೆಸೆದದ್ದೂ ಅಲ್ಲ. ಅವಳ ಯಜಮಾನರು ತೀರಿಕೊಂಡ ಮೇಲೆ ಆ ತಾಳಿ ಬೀರುವಿನ ಒಳಖಾನೆಯಲ್ಲಿ, ಹಳೆಯ ಕನ್ನಡಕದ ಡಬ್ಬಿಯೊಂದರಲ್ಲಿ ಮಲಗಿತ್ತು. ಕೊರಳಿಗೆ ಹಾಕುವಂತಿಲ್ಲ. ಕೊಟ್ಟುಬಿಡುವ ಮನಸ್ಸಿಲ್ಲ. (ಇಂಥದೊಂದು ಡಬ್ಬಿ ನಿಮ್ಮ ಮನೆಯ ಬೀರುವಿನಲ್ಲೂ ಇರಬಹುದು. ಅದನ್ನು ಯಾರೂ ತೆರೆಯುವುದಿಲ್ಲ, ಯಾರೂ ಜಾಗ ಬದಲಿಸುವುದಿಲ್ಲ.)

ನಮ್ಮದು ಲಿಂಗ ಕಟ್ಟುವ ಮನೆತನ. ಇಷ್ಟಲಿಂಗವನ್ನು ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತೇವೆ. ಆ ಕರಡಿಗೆಯ ಮುಚ್ಚಳದ ಮೇಲೆ ತಾಳಿಯ ಚಿನ್ನದಲ್ಲಿ ಒಂದು ತೆಂಗಿನಕಾಯಿ ಕೂರಿಸಬೇಕು ಎನ್ನುವುದು ಗಿರಿಜಳ ಆಸೆ.

ನನಗೆ ಹಿಡಿಸಲಿಲ್ಲ. ನಾನು ಹಾಸ್ಟೆಲ್ಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಬೆಳೆದವಳು. ಯಾವುದು ಎಲ್ಲಿರಬೇಕೋ ಅಲ್ಲಿದ್ದರೇ ನನಗೆ ಸಮಾಧಾನ. ತಾಳಿ ಬೇರೆ, ಕರಡಿಗೆ ಬೇರೆ, ಎರಡನ್ನೂ ಯಾಕೆ ಬೆರೆಸುವುದು ಎಂದು ಕೇಳಿದೆ.

"ಲಿಂಗ ಕಟ್ಟಿದ್ದು ಹುಟ್ಟಿದಾಗ ಕಣಕ್ಕ, ತಾಳಿ ಕಟ್ಟಿದ್ದು ಮದ್ವೇಲಿ. ಎಲ್ಲಾ ಬಿಚ್ಚಿಸ್ದಾಗ ಲಿಂಗ ಒಂದು ಉಳೀತು. ಇದನ್ನೂ ಅದ್ರ ಹತ್ರಾನೇ ಇಟ್ಬುಡ್ತೀನಿ" ಎಂದಳು.

ಬಿಚ್ಚಿಸಿದ ದಿನ ನಾನೂ ಅಲ್ಲೇ ಇದ್ದೆನಲ್ಲ. ಬಳೆ, ಕಾಲುಂಗುರ, ತಾಳಿ ಎಲ್ಲವನ್ನೂ ಧರ್ಮದ ಹೆಸರಿನಲ್ಲಿ ತೆಗೆಸಿದರು. ಲಿಂಗಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ಅದೂ ಧರ್ಮದ ಹೆಸರಿನಲ್ಲೇ. ಒಂದೇ ಕೊರಳಿಗೆ ಎರಡು ಕಾನೂನು.

ಕಾಯಿಯೇ ಯಾಕೆ? ದಂಡಿನಶಿವರದ ಪಕ್ಕ ಅವರದು ತೆಂಗಿನ ತೋಟ. ಸೋಮವಾರದ ಪೂಜೆಗೆ ಕಾಯಿ ಒಡೆಯುತ್ತಿದ್ದವರು ಅವಳ ಯಜಮಾನರು. ಒಡೆದ ಮೇಲೆ ಮೂರು ಕಣ್ಣಿರುವ ಹೋಳನ್ನು ಅವಳ ಕಡೆಗೆ ಸರಿಸುತ್ತಿದ್ದರು. ಮಾತಿಲ್ಲ, ಕತೆಯಿಲ್ಲ. ಆ ಹೋಳು ಅವಳದು, ಅಷ್ಟೆ. ನಮ್ಮ ಕಡೆಯ ಗಂಡಸರ ಪ್ರೀತಿ ಇದಕ್ಕಿಂತ ಜೋರಾಗಿ ಮಾತಾಡುವುದಿಲ್ಲ. ಮುಕ್ಕಣ್ಣನ ಗುರುತೂ ಆಯಿತು, ಮನೆಯವರ ಗುರುತೂ ಆಯಿತು.

ಈಗ 'ಕಸ್ಟಮ್ ಡಿಸೈನ್' ಕಾಲ. ಮಗುವಿನ ಪಾದದ ಗುರುತು, ಗಂಡ ಹೆಂಡತಿಯ ಇನಿಶಿಯಲ್ಲು, ಏನು ಬೇಕಾದರೂ ಲಾಕೆಟ್ ಮಾಡಿಕೊಡುತ್ತಾರೆ. ಹಾಗೆ ನೋಡಿದರೆ ನಮ್ಮ ತಾಳಿಗಳೂ ಕಸ್ಟಮ್ ಡಿಸೈನೇ ಅಲ್ಲವೇ? ಮನೆತನಕ್ಕೊಂದು ಅಚ್ಚು. ಆದರೆ ಹಾಕಿಕೊಳ್ಳುವ ಕೊರಳನ್ನು ಯಾರಾದರೂ ಕೇಳಿದ್ದುಂಟೇ?

ಗಿರಿಜ, ಅವಳ ಮಗಳು ಚೈತ್ರ, ನಾನು, ಮೂವರೂ ತಿಪಟೂರಿನ ಒಂದು ಚಿನ್ನದಂಗಡಿಗೆ ಹೋದೆವು. ಅಲ್ಲಿನ ಡಿಸೈನರ್ ದೂರದ ಊರಿನವನು, ಬಹಳ ವಿನಯ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ತೋರಿಸಿದ. ಕಾಯಿಯ ತಲೆಯ ಮೇಲೆ ಸೊಗಸಾದ ಜುಟ್ಟು. ಅದರ ಕೆಳಗೆ, ಮುಖದ ನಡುವೆ, ಪಿಳಿಪಿಳಿ ನೋಡುವ ಮೂರು ಕಣ್ಣು.

"ಇದು ಕಾಯಲ್ಲ ಕಣಪ್ಪ, ಜುಟ್ಟು ಹಾಕಿದ ಕೂಸು" ಎಂದು ಗಿರಿಜ ನಕ್ಕಳು. ಯಜಮಾನರು ಹೋದ ಮೇಲೆ ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿದ್ದು ಅಂದೇ.

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ: ಕಾಯಿಯ ಕಣ್ಣಿರುವುದು ಜುಟ್ಟಿನ ಅಡಿಯಲ್ಲಿ. ಜುಟ್ಟು ಇದ್ದರೆ ಕಣ್ಣು ಕಾಣದು. ಕಣ್ಣು ಕಾಣಬೇಕಾದರೆ ಜುಟ್ಟು ಕೀಳಬೇಕು. ಎರಡೂ ಒಟ್ಟಿಗೆ ಸಿಗುವುದು ಕಂಪ್ಯೂಟರಿನಲ್ಲಿ ಮಾತ್ರ. ಹಾಗಾದರೆ ಯಾವುದನ್ನು ಉಳಿಸಲಿ ಎಂದು ಅವನು ಕೇಳಿದ. ಗಿರಿಜ ಯೋಚಿಸಲೇ ಇಲ್ಲ. ಕಣ್ಣು ಎಂದಳು.

ನಮ್ಮಲ್ಲಿ ಯಾರಿಗೂ ಆ ಹೊತ್ತಿಗೆ ಹೊಳೆಯದ ಸಂಗತಿ ಒಂದಿತ್ತು. ಜುಟ್ಟು ಕಿತ್ತ ಕಾಯಿಯನ್ನು ನಾವು ದೇವರ ಮುಂದೆ ಇಡುವುದಿಲ್ಲ. ಜೀವಮಾನವೆಲ್ಲ ಕಾಯಿಯ ಜೊತೆ ಬದುಕಿದ ಇಬ್ಬರು ಹೆಂಗಸರು ಇದನ್ನು ಮರೆತದ್ದು ಹೇಗೆ? ಗೊತ್ತಿಲ್ಲ. ಕಣ್ಣಿನ ಮೇಲೇ ಕಣ್ಣಿತ್ತು ಅಂತ ಕಾಣುತ್ತದೆ.

ಕರಡಿಗೆ ಸಿದ್ಧವಾಗಿ ಬಂದಾಗ ಸೋಮವಾರ. ಗಿರಿಜಳ ಅತ್ತೆ ಸಿದ್ಧಮ್ಮನವರಿಗೆ ಎಂಬತ್ತು ದಾಟಿದೆ. ಆ ಮನೆಯ ದೇವರ ಕೋಣೆಗೆ ಇಂದಿಗೂ ಅವರದೇ ಆಡಳಿತ. ಗಿರಿಜ ಬಸ್ಸಿನಲ್ಲೇ ನಮಗೆ ಹೇಳಿಟ್ಟಿದ್ದಳು. ಅತ್ತೆ ಬೇಡ ಎಂದರೆ ವಾದ ಮಾಡಬಾರದು, ಚಿನ್ನ ಮತ್ತೆ ಡಬ್ಬಿಗೆ ಹೋಗುತ್ತದೆ. ಹೇಳುವಾಗ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

ಸಿದ್ಧಮ್ಮ ಕರಡಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇದೇನೇ ಗಿರಿಜಾ, ಬೋಳುಕಾಯಿ ಮಾಡಿಸ್ಕಂಡ್ ಬಂದಿದೀಯ."

ಚೈತ್ರಳ ಮುಖ ಕೆಂಪಾಯಿತು. (ಜುಟ್ಟಿಲ್ಲದ ಕಾಯಿಗೆ ನಾವು ಬೋಳು ಎನ್ನುತ್ತೇವೆ, ನಿಜ. ಆ ಪದದ ಕೊನೆಯ ಸ್ವರವೊಂದನ್ನು ಬದಲಿಸಿದರೆ ಗಂಡ ಸತ್ತ ಹೆಂಗಸಿನ ಮೇಲೆ ಎಸೆಯುವ ಬೈಗುಳ. ಭಾಷೆಯೂ ಒಮ್ಮೊಮ್ಮೆ ಎಷ್ಟು ಜಿಪುಣ ನೋಡಿ, ಕಾಯಿಗೂ ಹೆಂಗಸಿಗೂ ಒಂದೇ ಪದದಲ್ಲಿ ಮುಗಿಸುತ್ತದೆ.)

ಸಿದ್ಧಮ್ಮನವರು ಕಾಯಿಗೆ ಹೇಳಿದ್ದರು. ಆದರೆ ಹೇಳಿದ ಮಾತು ಅವರ ಕಿವಿಗೂ ಬಿತ್ತು. ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು ಅವರು. ಆ ಬೈಗುಳವನ್ನು ಬೀದಿಯಲ್ಲೂ ಕೇಳಿದ್ದಾರೆ, ಮನೆಯೊಳಗೂ ಕೇಳಿದ್ದಾರೆ. ಕರಡಿಗೆ ಹಿಡಿದ ಕೈ ಹಾಗೇ ಮಡಿಲಿಗೆ ಇಳಿಯಿತು.

ಗಿರಿಜ ಅಳಲಿಲ್ಲ. ಅತ್ತೆಯ ಪಕ್ಕ ಕೂತಳು. "ಜುಟ್ಟು ಇರೋಗಂಟ ಕಣ್ಣು ಕಾಣಲ್ವಲ್ಲ ಅತ್ತೆ" ಎಂದಳು. ಅಷ್ಟೇ.

ನಾನು ಬಾಯಿ ಹಾಕಲು ಹೊರಟಿದ್ದೆ. ಚೈತ್ರ ನನ್ನ ಸೆರಗು ಜಗ್ಗಿದಳು. ಒಳ್ಳೆಯದೇ ಆಯಿತು.

ಸಿದ್ಧಮ್ಮ ಹೆಬ್ಬೆರಳಿನಿಂದ ಆ ಚಿನ್ನದ ಕಾಯಿಯನ್ನು ಸವರಿದರು. ತಿರುಗಿಸಿ ಮತ್ತೆ ಸವರಿದರು.

"ಮೊಳಕೆ ಬರೋ ಕಣ್ಣು ಯಾವ್ದೇ?"

ಕಾಯಿಯ ಮೂರು ಕಣ್ಣಿನಲ್ಲಿ ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಬರುವುದು ಆ ಒಂದರಿಂದ. ಗಿರಿಜ ಅದನ್ನು ಮರೆತಿರಲಿಲ್ಲ. ಒಂದು ಕಣ್ಣನ್ನು ಮಾತ್ರ ತೆರೆದೇ ಬಿಡಿಸಿದ್ದಳು. ಚಿನ್ನದ ನಡುವೆ ಆ ಚುಕ್ಕೆಯಲ್ಲಿ ಕೆಳಗಿನ ಬೆಳ್ಳಿ ಕಾಣುತ್ತಿತ್ತು. ಅತ್ತೆಯ ಹೆಬ್ಬೆರಳನ್ನು ಹಿಡಿದು ಅದರ ಮೇಲೆ ಇಟ್ಟಳು. ಸಿದ್ಧಮ್ಮ ಆ ಬೆರಳನ್ನು ಬಹಳ ಹೊತ್ತು ಎತ್ತಲಿಲ್ಲ.

"ಲಿಂಗ ಒಳಗಿಡು" ಎಂದರು ಕೊನೆಗೆ. "ಪೂಜೆಗೆ ಹೊತ್ತಾಯ್ತು."

ಕ್ಷಮೆ ಕೇಳಲಿಲ್ಲ, ಹೊಗಳಲೂ ಇಲ್ಲ. ಅವರ ಕಾಲದವರಿಗೆ ಅವೆರಡೂ ಬರುವುದಿಲ್ಲ. ಗಿರಿಜ ಕರಡಿಗೆಯನ್ನು ಸೆರಗಿನ ಒಳಗೆ ಸೇರಿಸಿಕೊಳ್ಳಲು ಹೋದಾಗ ಮಾತ್ರ, ಅದನ್ನು ತಾವೇ ಹೊರಗೆಳೆದು ಎದೆಯ ಮೇಲೆ ನೇರ ಮಾಡಿದರು. ಅಂದು ದೇವರ ಮುಂದೆ ಕಾಯಿ ಒಡೆದದ್ದು ಗಿರಿಜ. ಅತ್ತೆಯೇ ಒಡೆಯಲು ಹೇಳಿದರು.

ನಾನು ಊರಿಗೆ ಬಂದ ಮೇಲೂ ಯೋಚಿಸುತ್ತಲೇ ಇದ್ದೇನೆ. ಮೂರು ಕಣ್ಣಿನ ದೇವರಿಗೆ ದಿನಾ ಕೈ ಮುಗಿಯುವ ನಾವು, ಇದು ಶುಭ ಇದು ಅಶುಭ ಎಂದು ಇಷ್ಟು ಕಾಲ ತೀರ್ಮಾನ ಮಾಡಿದ್ದು ಬರೀ ಜುಟ್ಟು ನೋಡಿಯೇ?