ಗೊಂಬೆ ಪಾರ್ಕಿನಲ್ಲಿ ನನ್ನ ಸ್ವಿಚ್ಚು

ಸ್ನೇಹಿತರೇ, ನವರಾತ್ರಿಯಲ್ಲಿ ಮಾತ್ರ ಮನೆಯ ನೆಟ್‌ವರ್ಕಿಗೆ ಕೈ ಹಾಕಬೇಡಿ. ವೈಫೈನಲ್ಲಿ ವೀಣೆ ಕೇಳುವಾಗ ಆಲಾಪನೆ ನಡುನಡುವೆ ತುಂಡಾಗುತ್ತಿತ್ತು. ರೂಟರಿಗೆ ಕೇಬಲ್ಲಿನಿಂದ ಜೋಡಿಸುವ, ಆಡಿಯೊಗೆಂದೇ ಮಾಡಿದ ನೆಟ್‌ವರ್ಕ್ ಸ್ವಿಚ್ಚೆಂಬ ಪುಟ್ಟ ಡಬ್ಬ, ದಪ್ಪ ಕೇಬಲ್ಲು ತರಿಸಿದ್ದೆ. ಇವತ್ತು ಬೆಳಿಗ್ಗೆ ಬಂದವು. ರೂಟರ್ ಇರುವುದು ನಡುಮನೆಯ ಮೂಲೆಯಲ್ಲಿ. ಅದರ ಮುಂದೆಯೇ ಅಮ್ಮನ ಗೊಂಬೆ ಮೆಟ್ಟಿಲು.

"ಸ್ವಲ್ಪ ಹೊತ್ತು ಗೊಂಬೆ ಪಕ್ಕಕ್ಕಿಡೋಣಮ್ಮ" ಎಂದೆ.

"ಪಟ್ಟದ ಗೊಂಬೆ ಕೂರ್ಸಿದ್ಮೇಲೆ ವಿಜಯದಶಮಿವರೆಗೂ ಅಲ್ಲಾಡ್ಸೋ ಹಾಗಿಲ್ಲ ಕಣೋ. ಅಲ್ಲೀತನಕ ನಿನ್ ಡಬ್ಬಕ್ಕೆ ರಜಾ ಕೊಡು."

ಮುಖ ಊದಿಸಿಕೊಂಡು ಕೂತೆ. ಕಾಫಿ ಕುಡಿದಾದ ಮೇಲೆ ಅಮ್ಮನೇ ಮೆಟ್ಟಿಲಿನ ಬಿಳಿ ಬಟ್ಟೆ ಎತ್ತಿ, ಕೇಬಲ್ಲನ್ನು ಒಳಗಿನಿಂದ ಎಳೆದುಕೊಟ್ಟರು. ಸ್ವಿಚ್ಚಿಗೆ ಸಿಕ್ಕಿದ್ದು ಕೆಳಗಿನ ಗೊಂಬೆ ಪಾರ್ಕಿನಲ್ಲಿ ಜಾಗ. ಒಂದು ಪಕ್ಕ ಮಣ್ಣಿನ ಆನೆ, ಇನ್ನೊಂದು ಪಕ್ಕ ಅಮ್ಮ ಬೆಳೆಸಿದ ರಾಗಿ ಪೈರು.

ಮಧ್ಯಾಹ್ನ ವೀಣೆ ಎಲ್ಲೂ ತುಂಡಾಗದೆ ಹರಿಯಿತು. ಕೇಳುತ್ತಾ ಕಣ್ಣು ಬಿಟ್ಟರೆ, ದಿನವೂ ಚೊಂಬಿನಿಂದ ಪೈರಿಗೆ ನೀರು ಚಿಮುಕಿಸುವ ಅಮ್ಮ, ಇವತ್ತು ದೇವರ ಮುಂದಿನ ಉದ್ಧರಣೆ ಚಮಚ ತಂದು ಒಂದೊಂದೇ ತೊಟ್ಟು ಬಿಡುತ್ತಿದ್ದರು, ನನ್ನ ಡಬ್ಬಕ್ಕೆ ತಾಗದ ಹಾಗೆ. ಅವರಿಗೆ ಹೇಳಬೇಕಾದ ಥ್ಯಾಂಕ್ಸನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಂಜೆ ಎದುರುಮನೆ ಫಿಲೋಮಿನಾ ಆಂಟಿ ಗೊಂಬೆ ನೋಡಲು ಬಂದರು. ಪುಟ್ಟ ದೀಪಗಳು ಮಿಣುಕುತ್ತಿದ್ದ ಸ್ವಿಚ್ಚನ್ನು ನೋಡಿ, "ಈ ಸಲ ಪಾರ್ಕಲ್ಲಿ ಲೈಟಿಂಗ್ ಚೆನ್ನಾಗಿದೆ ಕಣ್ರೀ" ಎಂದರು.

"ನನ್ ಮಗ ತಂದಿದ್ದು" ಎಂದರು ಅಮ್ಮ, ಹೆಮ್ಮೆಯಿಂದ. "ಸಂಗೀತ ಕೇಳೋದಕ್ಕೂ ಆಗುತ್ತಂತೆ."