ಬೀಸುವ ಕಲ್ಲು ನಿಲ್ಲಿಸಿದ ದಿನ

ನಾನು ಚಿಕ್ಕವನಿದ್ದಾಗ ಭೀಮನಬೀಡಿನ ನಮ್ಮ ಮನೆಯಲ್ಲಿ ಕೋಳಿಗಿಂತ ಮೊದಲು ಏಳುತ್ತಿದ್ದದ್ದು ರಾಗಿ ಬೀಸುವ ಕಲ್ಲು. ಅದರ ಗರಗರ ಸದ್ದಿನ ಮೇಲೆ ಅವ್ವನ ಪದ. ಕಂಬಳಿಯೊಳಗೆ ಮಲಗಿದ್ದಂತೆಯೇ ಹೊಸ ಹಿಟ್ಟಿನ ಬೆಚ್ಚನೆಯ ವಾಸನೆ ಮೂಗಿಗೆ ಬರುತ್ತಿತ್ತು. ಅವಳಷ್ಟು ಪದ ಬಲ್ಲವರು ಊರಲ್ಲಿ ಇನ್ನೊಬ್ಬರಿರಲಿಲ್ಲ.

ಆ ವರ್ಷ ಅವ್ವನಿಗೆ ಕೆಮ್ಮು ಹಿಡಿಯಿತು. ಚಾಮರಾಜನಗರದ ಡಾಕ್ಟರು ಕೈಚೆಲ್ಲಿದರು. ಅವಳು ಹೆಚ್ಚು ದಿನ ಇರುವುದಿಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಗಲೇ ಗುಂಡ್ಲುಪೇಟೆಗೆ ಹಾಡು ಹಿಡಿದಿಡುವ ಪೆಟ್ಟಿಗೆಯೊಂದಿಗೆ ಸಾಹೇಬರೊಬ್ಬರು ಬಂದಿದ್ದಾರೆಂಬ ಸುದ್ದಿ ಬಂತು. ಅಪ್ಪ ಹೋಗಿ, ಕೈಮುಗಿದು, ಅವರ ಜೀಪಿನಲ್ಲೇ ಕರೆತಂದ. ಅವ್ವ ಹೋದರೂ ಅವಳ ದನಿ ಉಳಿಯಲಿ ಎಂಬುದೊಂದೇ ಅವನ ಆಸೆ.

ಪೆಟ್ಟಿಗೆಯ ಚಕ್ರಗಳು ತಿರುಗಿದವು. ಅವ್ವ ಕಲ್ಲಿನ ಮುಂದೆ ಕೂತು ಗೂಟ ಹಿಡಿದಳು. ಸಾಹೇಬರು ಕಿವಿಯ ಮೇಲಿದ್ದದ್ದನ್ನು ತೆಗೆದು, "ಬರೀ ಕಲ್ಲಿನ ಸದ್ದೇ ಕೇಳ್ತಿದೆ ತಾಯಿ, ಅದನ್ನ ನಿಲ್ಸಿ ಹಾಡಿ" ಎಂದರು. ಅಕ್ಕ ಕಲ್ಲಿನಡಿಗೆ ಕಂಬಳಿ ಮಡಚಿಟ್ಟಳು. ಊಹೂಂ, ಹಾಳು ಕಲ್ಲು ಅದಕ್ಕೂ ಬಗ್ಗಲಿಲ್ಲ.

ಅವ್ವ ಕೈ ಬಿಟ್ಟು ಕೂತು ಬಾಯಿ ತೆರೆದಳು. ಮೊದಲ ಸಾಲು ಬಂತು, ಮುಂದಿನದು ಬರಲಿಲ್ಲ. ಮತ್ತೆ ಶುರುಮಾಡಿದಳು, ಅಲ್ಲೇ ನಿಂತಿತು.

"ಕಲ್ಲು ತಿರುಗ್ದೆ ಪದ ಬರಾದಿಲ್ಲ ಬುದ್ದಿ" ಎಂದಳು.

"ಒಂದ್ಸಲ ಹಾಡ್ಬುಡಮ್ಮಿ, ಮಕ್ಳಿಗಾದ್ರೂ ಇರ್ಲಿ" ಎಂದು ಅಪ್ಪ ಅಂಗಲಾಚಿದ.

ಅವಳ ಬಲಗೈ ನೆಲದ ಮೇಲೆ ಸುಮ್ಮನೆ ಸುತ್ತುತ್ತಿತ್ತು. ಆಮೇಲೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. ಸಾಹೇಬರು ಪೆಟ್ಟಿಗೆ ಮುಚ್ಚಿದರು. ಒಳ್ಳೆಯವರೇ, ಇನ್ನೊಮ್ಮೆ ಬರುತ್ತೇನೆಂದು ಹೇಳಿ ಹೋದರು. ಪೆಟ್ಟಿಗೆ ಹಿಡಿದಿದ್ದ ಆ ಒಂದು ಸಾಲೂ ಅವರ ಜೊತೆಗೇ ಹೋಯಿತು. ರಾಗಿ ಕುಯ್ಲಿಗೆ ಮೊದಲೇ ಅವ್ವ ಹೋಗಿಬಿಟ್ಟಳು.

ಮಕ್ಕಳೇ, ನಾನು ದೊಡ್ಡವನಾಗಿ ಟಿ.ವಿ.ಯಲ್ಲಿ ಸೌಂಡ್ ಇಂಜಿನಿಯರ್ ಆದೆ. ಬದುಕೆಲ್ಲ ಬೇಡದ ಸದ್ದು ತೆಗೆಯುವುದೇ ನನ್ನ ಕೆಲಸವಾಯಿತು. ಭಾಷಣದ ಹಿಂದಿನ ಫ್ಯಾನು, ನಾಟಕದ ಹಿಂದಿನ ಲಾರಿ, ಎಲ್ಲವನ್ನೂ ತೆಗೆದೆ. ಆದರೆ ಹಾಡುವ ಯಾವ ತಾಯಿಗೂ ಕಲ್ಲು ನಿಲ್ಲಿಸಿ ಎಂದವನಲ್ಲ. ಏನು ಬಂತು? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು.

ನೀವು ನನ್ನ ಗೊರಕೆಯನ್ನೂ ಫೋನಿನಲ್ಲಿ ಹಿಡಿದಿಟ್ಟುಕೊಂಡು ನಗುತ್ತೀರಿ. ನಗಿ, ಕಳ್ಳರಾ. ನನ್ನ ಅವ್ವನದು ಒಂದು ಕೆಮ್ಮೂ ನನ್ನ ಬಳಿ ಇಲ್ಲ. ಕಲ್ಲಿನ ಗರಗರ ಇವತ್ತಿಗೂ ಕಿವಿಯಲ್ಲಿದೆ. ಅದರ ಮೇಲಿದ್ದ ದನಿ ಮಾತ್ರ, ಎಷ್ಟು ಕಣ್ಣುಮುಚ್ಚಿ ಕೂತರೂ, ನೆನಪಿಗೆ ಬರುವುದಿಲ್ಲ.