ಕಲ್ಲು ನೆಡುವಂತಿಲ್ಲ

ಹೆಂಡತಿಯ ಮೂರನೇ ದಿನದ ಹಾಲು-ತುಪ್ಪವನ್ನು ನಾನು ಬೇರೆ ಯಾರದೋ ಗುಡ್ಡೆಗೆ ಬಿಟ್ಟು ಬಂದೆ. ಇದನ್ನು ಬರೆಯಲು ಕುಳಿತ ಮೇಲೂ ಎರಡು ಸಲ ಎದ್ದು ಬೀದಿಯ ತುದಿಯವರೆಗೆ ಹೋಗಿ ಬಂದಿದ್ದೇನೆ.

ನಮ್ಮಲ್ಲಿ ಹೂಳುವುದು ವಾಡಿಕೆ. ಹಿರಿಯರು ತಮ್ಮ ಹೊಲದ ಬದುವಿನಲ್ಲೇ ಮಲಗಿದರು. ಮೇಲೆ ಕಲ್ಲಿಟ್ಟರೆ ಕೇಳುವವರಿರಲಿಲ್ಲ. ಒಂಟಿಕೊಪ್ಪಲಿನ ಬಾಡಿಗೆ ಮನೆಯವರಿಗೆ ಬದು ಎಲ್ಲಿಯದು? ಸಾರ್ವಜನಿಕ ರುದ್ರಭೂಮಿಯೇ ಗತಿ. ಡಾಕ್ಟರ ಚೀಟಿ, ಗುರುತಿನ ಚೀಟಿ, ನನ್ನ ಸಹಿ ಎಲ್ಲ ಆದಮೇಲೆ ನನ್ನ ಜಯಮ್ಮ ರಿಜಿಸ್ಟರಿನಲ್ಲಿ ಒಂದು ನಂಬರಾದಳು. ಗೇಟಿನ ಬೋರ್ಡಿನಲ್ಲಿ ಬರೆದಿತ್ತು: ಗೋರಿ ಕಟ್ಟುವಂತಿಲ್ಲ, ಕಲ್ಲು ನೆಡುವಂತಿಲ್ಲ. ನಾನು ಬೋರ್ಡು ಕಂಡರೆ ಪೂರ್ತಿ ಓದುವವನು. ಪಾರ್ಕಿನಲ್ಲಿ ಹುಲ್ಲು ತುಳಿದವನಲ್ಲ. ಚೆಂಡುಹೂವಿನ ಹಾರವೊಂದನ್ನು ಮಣ್ಣಿನ ಮೇಲಿಟ್ಟು, ಇಷ್ಟು ಗುರುತು ಸಾಕೆಂದು ಬಂದೆ.

ಈ ಊರಿನಲ್ಲಿ ಸತ್ತವರಿಗೆಲ್ಲ ಚೆಂಡುಹೂವೇ ಎಂಬುದು ಆಗ ಹೊಳೆಯಲಿಲ್ಲ. ನಮ್ಮ ಹಾರವನ್ನು ಆಡು ತಿಂದುಹೋಗಿತ್ತೆಂಬುದೂ ಗೊತ್ತಿರಲಿಲ್ಲ.

ಮೂರನೇ ದಿನ ನಾದಿನಿ ನಾಗಮ್ಮ ಅಕ್ಕನಿಗಿಷ್ಟವೆಂದು ಉದ್ದಿನ ವಡೆ ಮಾಡಿ ತಂದಳು. ಹಾರ ಕಂಡ ಗುಡ್ಡೆಗೆ ಎಡೆಯಿಟ್ಟು ನಾವು ಸರಿದು ನಿಂತದ್ದೇ ತಡ, ಕಾಗೆ ಬಂದು ಮುಟ್ಟಿತು.

"ನೋಡಿ ಭಾವ, ಎಷ್ಟು ಹಸ್ದಿದ್ಳೋ!" ಎಂದು ಅವಳು ಅತ್ತಳು.

ಅವಳು ಕೈಕಾಲು ತೊಳೆಯಲು ನಲ್ಲಿಯ ಕಡೆ ಹೋದಾಗ ಕಾವಲುಗಾರ ನಿಂಗಣ್ಣ ನನ್ನ ಪಕ್ಕಕ್ಕೆ ಬಂದ. "ಸ್ವಾಮಿ, ಅದು ನಿನ್ನೆ ಬಂದ ಅಜ್ಜಂದು ಕಣ್ರೀ. ನಿಮ್ಮನೆಯಮ್ಮಾವ್ರು ಆ ಸಾಲಲ್ಲಿ ಅವ್ರೆ."

ಅಂದಿನಿಂದ ಕುಳಿತಲ್ಲಿ ಕೂರಲಾಗಲಿಲ್ಲ. ಮಾರನೆಯ ದಿನವೇ ಹೋಗಿ, ಅಂಗೈಯಗಲದ ಒಂದು ಕಲ್ಲಾದರೂ ಇಡುತ್ತೇನೆಂದು ಅವನನ್ನು ಬೇಡಿಕೊಂಡೆ.

"ರೂಲ್ಸಿಲ್ಲ ಸ್ವಾಮಿ. ಎಲ್ರೂ ಕಲ್ಲು ನೆಟ್ಬುಟ್ರೆ ನಾಳೆ ಬರೋರು ಎಲ್ಲಿಗೋಗ್ಬೇಕು? ನಾನೂ ಇಲ್ಲಿಗೇ ಬರೋನು ಕಣ್ರೀ."

ನ್ಯಾಯವಾದ ಮಾತೇ. ಬದುಕಿರುವವರು ಒಂದಡಿ ಜಾಗಕ್ಕೆ ಕೋರ್ಟು ಹತ್ತುತ್ತಾರೆ. ಇಲ್ಲಿ ಕೆಲವು ವರ್ಷ ಕಳೆದರೆ ಜಯಮ್ಮನ ಜಾಗಕ್ಕೇ ಇನ್ನೊಬ್ಬರು ಬರುತ್ತಾರಂತೆ, ಅವಳು ತಕರಾರು ಮಾಡುವವಳಲ್ಲ. ಆದರೆ ನ್ಯಾಯವಾದ ಮಾತು ಕೇಳಿದ ಮಾತ್ರಕ್ಕೆ ನಿದ್ದೆ ಬರುವುದಿಲ್ಲ.

ಹನ್ನೊಂದನೇ ದಿನ ಹತ್ತಿರವಾಯಿತು. ನಾಗಮ್ಮನಿಗೆ ಹೇಳಲೇಬೇಕಾಯಿತು.

"ಮೂವತ್ತು ವರ್ಷ ಅಕ್ಕ ಯಾವ ಸೀರೆ ಉಟ್ಟವ್ಳೆ ಅಂತ ಕತ್ತೆತ್ತಿ ನೋಡ್ದೋರಲ್ಲ ನೀವು. ಮಣ್ಣಿನ ಗುರುತು ಹಿಡೀತೀರಾ?" ಎಂದಳು. ಆಮೇಲೆ, "ಆ ಅಜ್ಜನ ಕಡೆಯೋರು ಬಂದಿದ್ರಂತಾ?" ಎಂದು ಕೇಳಿದಳು.

ಅಜ್ಜನನ್ನು ಹೂಳಿ ಹೋದ ಮನೆಯವರು ತಿರುಗಿ ಬಂದಿಲ್ಲವೆಂದು ನಿಂಗಣ್ಣ ಹೇಳಿದ್ದ.

ಹನ್ನೊಂದನೇ ದಿನ ಅವನೇ ರಿಜಿಸ್ಟರು ನೋಡಿ, ಸಾಲು ಎಣಿಸಿ, ನಮ್ಮನ್ನು ಜಯಮ್ಮನ ಮುಂದೆ ನಿಲ್ಲಿಸಿದ. ಹಾಲು ಬಿಟ್ಟು ಎಡೆಯಿಟ್ಟೆವು. ಕಾಗೆ ಬರಲಿಲ್ಲ. ಅದು ಅಜ್ಜನ ಗುಡ್ಡೆಯ ಮೇಲೆ ಕೂತು ಕಾಯುತ್ತಿತ್ತು. ನಾಗಮ್ಮ ಡಬ್ಬಿಯಿಂದ ಎರಡು ವಡೆ ತೆಗೆದು ಅಲ್ಲೂ ಇಟ್ಟು ಬಂದಳು. "ರುಚಿ ತೋರ್ಸಿದ್ದು ನಾವೇ ಅಲ್ವಾ ಭಾವ?"

ಆಮೇಲೆ ಕಾಗೆ ಎರಡೂ ಕಡೆ ಮುಟ್ಟಿತಂತೆ. ನಾನು ನೋಡಲಿಲ್ಲ. ನಾನು ಜಯಮ್ಮನ ಮಣ್ಣನ್ನೇ ನೋಡುತ್ತಿದ್ದೆ: ತಲೆಯ ಕಡೆ ಸ್ವಲ್ಪ ಕೆಂಪು, ಕಾಲಿನ ಕಡೆ ಒಂದೆಳೆ ಗರಿಕೆ. ಗರಿಕೆ ಹಬ್ಬಿದರೆ ಈ ಗುರುತೂ ಹೋಗುತ್ತದೆ. ಆಗ ಮತ್ತೆ ಮೊದಲಿನಿಂದ ನೋಡಿ ಕಲಿಯಬೇಕು.